ಕಿವಿಯಿಂದ ಓದಿದ ಯುಗಾದಿ ಸಂಚಿಕೆ

ಸಂಪಾದಕರು ಫೋನ್ ಮಾಡಿ, "ಈ ಸಲ ಯಾವುದಾದರೂ ಪುಸ್ತಕದ ವಿಮರ್ಶೆ ಬರೆದುಕೊಡಿ, ಮೂರು ಪುಟ ಖಾಲಿ ಇದೆ" ಎಂದರು. ಪುಸ್ತಕವೇನೋ ಮೇಜಿನ ಮೇಲೆ ಇತ್ತು. ಆದರೆ ಕೆಲವು ತಿಂಗಳಿಂದ ನಾನು ಓದುತ್ತಿರುವುದು, ಓದುವುದೇನು ಬಂತು, ಕೇಳುತ್ತಿರುವುದು ನಮ್ಮ ಪತ್ರಿಕೆಯನ್ನೇ. ಅದರದೇ ವಿಮರ್ಶೆ ಬರೆಯುತ್ತೇನೆ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಬೈಯುವುದಾದರೆ ನನ್ನೊಬ್ಬನನ್ನು ಬಿಟ್ಟು ಬೈಯಿರಿ" ಎಂದು ನಕ್ಕು ಫೋನಿಟ್ಟರು. ಅವರನ್ನು ಬಿಡುವುದಕ್ಕೆ ಆಗಲಿಲ್ಲ. ನನ್ನನ್ನೂ ಬಿಟ್ಟುಕೊಂಡಿಲ್ಲ.

ನಮ್ಮ ಸಂಘದಲ್ಲಿ ಎಲ್ಲರೂ ಟೀಚರಮ್ಮ ಎಂದೇ ಕರೆಯುವ ಹಿರಿಯರೊಬ್ಬರು ಇದ್ದಾರೆ. ಶಿವಮೊಗ್ಗ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ, 1990ರ ದಶಕದಲ್ಲಿ ನಿವೃತ್ತರಾಗಿ ಯಜಮಾನರೊಂದಿಗೆ ಅಮೆರಿಕಕ್ಕೆ, ಮಗನ ಮನೆಗೆ ಬಂದವರು. ನಮ್ಮ ಮಕ್ಕಳಿಗೆಲ್ಲ ಅ ಆ ಇ ಈ ತಿದ್ದಿಸಿದವರು. ಈಗ ಅವರ ಅಕ್ಷಿಪಟಲದ ನಡುಭಾಗ ಸವೆದಿದೆ. ಈ ಕಾಯಿಲೆಯಲ್ಲಿ ಅಂಚಿನ ನೋಟ ಉಳಿಯುತ್ತದೆ, ನಡುವಿನ ನೋಟ ಹೋಗುತ್ತದೆ. ಹೀಗಾಗಿ ಮನೆಯೊಳಗೆ ಓಡಾಡುತ್ತಾರೆ, ಕಾಫಿ ಬೆರೆಸುತ್ತಾರೆ, ಎದುರಿಗೆ ಬಂದವರ ನಡಿಗೆ ನೋಡಿ ಯಾರೆಂದು ಹೇಳುತ್ತಾರೆ. ಅಕ್ಷರ ಮಾತ್ರ ಕಾಣುವುದಿಲ್ಲ. ಕನ್ನಡ ಟೀಚರಿಗೆ ಅಕ್ಷರವೇ ಕಾಣದಂತಾಗುವುದೆಂದರೆ ಏನೆಂದು ನಾನು ವಿವರಿಸಬೇಕಿಲ್ಲ.

ಮೊಮ್ಮಗ ಒಂದು ಉಪಾಯ ಮಾಡಿದ. ಪತ್ರಿಕೆಯ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದರೆ ಅದು ಅಕ್ಷರ ಗುರುತಿಸಿ ಗಟ್ಟಿಯಾಗಿ ಓದಿ ಹೇಳುತ್ತದೆ. ಅಮೆರಿಕದಲ್ಲಿ ರೇ ಕರ್ಜ್‌ವೈಲ್ 1976ರಲ್ಲಿ ಅಂಧರಿಗಾಗಿ ಇಂಥದೊಂದು ಓದುವ ಯಂತ್ರವನ್ನು ತಂದಾಗ ಅದಕ್ಕೊಂದು ಮೇಜೇ ಬೇಕಾಗಿತ್ತು. ಈಗ ಅದೇ ಕೆಲಸ ಜೇಬಿನಲ್ಲಿ, ಅದೂ ಕನ್ನಡದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮದ್ರಾಸಿನ ಐಐಟಿ ಮೊದಲಾದ ಕಡೆಗಳಲ್ಲಿ ವರ್ಷಗಟ್ಟಲೆ ಕೂತು ಕನ್ನಡ ಓದುವುದನ್ನು ಯಂತ್ರಕ್ಕೆ ಕಲಿಸಿದವರು ಇದ್ದಾರೆ. ಅವರ ಬಗ್ಗೆ ನನ್ನ ದೂರೇನೂ ಇಲ್ಲ. ಧ್ವನಿಯೂ ಚೆನ್ನಾಗಿದೆ, ಆಕಾಶವಾಣಿಯ ವಾರ್ತೆಯವರ ದೂರದ ನೆಂಟರ ಹಾಗೆ.

ತೊಂದರೆ ಶುರುವಾದದ್ದು 2025ರ ಯುಗಾದಿ ಸಂಚಿಕೆಯಿಂದ. ಮೊದಲ ಪುಟದಲ್ಲೇ "ಯುಗಾದಿ ಸಂಭ್ರಮ, 4/5 ರಂದು" ಎಂದು ದಪ್ಪ ಅಕ್ಷರದಲ್ಲಿ ಇತ್ತು. ವಾರದ ಹೆಸರು ಹಾಕಿರಲಿಲ್ಲ. ಇಲ್ಲಿಯ ಪದ್ಧತಿಯಲ್ಲಿ ತಿಂಗಳು ಮೊದಲು, ಅಂದರೆ ಏಪ್ರಿಲ್ 5. ಆದರೆ ಕನ್ನಡ ಓದುವ ಫೋನು ಭಾರತದ ಪದ್ಧತಿಯದು. ಅದಕ್ಕೆ ದಿನ ಮೊದಲು. "ಮೇ ನಾಲ್ಕು" ಎಂದು ಸ್ಪಷ್ಟವಾಗಿ ಓದಿತು. ಟೀಚರಮ್ಮ ನಂಬಿದರು. ಏಪ್ರಿಲ್ 5ರ ಸಂಜೆ ನಾವೆಲ್ಲ ಹೋಳಿಗೆ ತಿನ್ನುತ್ತಿದ್ದಾಗ ಅವರು ಮನೆಯಲ್ಲಿ ಕೂತು ಮೇ ತಿಂಗಳಿಗಾಗಿ ರೇಷ್ಮೆ ಸೀರೆ ತೆಗೆದಿಡಿಸುತ್ತಿದ್ದರು. ಮಗನ ಮನೆಯವರು ಆ ವಾರ ಊರಲ್ಲಿರಲಿಲ್ಲ; ಕರೆದುಕೊಂಡು ಬರಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಆ ಪ್ರಕಟಣೆ ಬರೆದವನು ನಾನೇ.

ಮೊದಲು ನಾನೂ ಯಂತ್ರವನ್ನೇ ಬೈದೆ. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ಟೀಚರಮ್ಮ ಬಿಡಲಿಲ್ಲ. "ಅದು ಎಂತ ಮಾಡ್ತದೆ ಮಾರಾಯ? ನೀನು ಬರ್ದದ್ದು ಓದಿತು. ನೀನು ಏಪ್ರಿಲ್ ಅಂತ ಬರ್ದಿದ್ರೆ ಏಪ್ರಿಲ್ ಅಂತಿತ್ತು" ಎಂದರು. ಆಮೇಲೆ ನಾವಿಬ್ಬರೂ ಕೂತು ಇಡೀ ಸಂಚಿಕೆಯನ್ನು ಯಂತ್ರದಿಂದ ಓದಿಸಿದೆವು. ಈ ವಿಮರ್ಶೆ ಆ ಓದಿನದು.

ಮೊದಲು ಖಜಾಂಚಿಯವರ ವರದಿ. ನಮ್ಮ ಪತ್ರಿಕೆಯಲ್ಲಿ ಪುಟಕ್ಕೆ ಎರಡು ಅಂಕಣ. ಕಣ್ಣಿಗೆ ನಡುವಿನ ಗೆರೆ ಕಾಣುತ್ತದೆ. ನೆರಳಚ್ಚಿನಲ್ಲಿ ಗೆರೆ ಅರ್ಧ ಮಾಸಿದ್ದರಿಂದ ಯಂತ್ರ ಎಡದಿಂದ ಬಲಕ್ಕೆ ನೇರ ಓದಿಕೊಂಡು ಹೋಯಿತು. ಪಕ್ಕದ ಅಂಕಣದಲ್ಲಿ ಬಿಸಿಬೇಳೆ ಭಾತಿನ ವಿಧಾನ ಇತ್ತು. ಹೀಗಾಗಿ ಹುಣಸೆ ರಸ ಚೆನ್ನಾಗಿ ಕುದಿದ ಮೇಲೆ ಹಾಲ್ ಬಾಡಿಗೆಯನ್ನು ಹಾಕಿ ಕೈಯಾಡಿಸಬೇಕಾಯಿತು. ಟೀಚರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಸದಸ್ಯರು ನೀಡಿದ "ದನಸಹಾಯ"ಕ್ಕೆ ಕೃತಜ್ಞತೆ. ನೆರಳಚ್ಚಿನ ನೆರಳಚ್ಚು ತೆಗೆದಾಗ ಮೊದಲು ಅಳಿಸಿಹೋಗುವುದು ಮಹಾಪ್ರಾಣದ ಆ ಚಿಕ್ಕ ಸೀಳು. ಧ ಎಂಬುದು ದ, ಭ ಎಂಬುದು ಬ, ಢ ಎಂಬುದು ಡ. ನಮ್ಮ ಖಜಾನೆಗೆ ಯಾರೂ ದನ ಕಟ್ಟಿಲ್ಲ ಎಂದು ಖಜಾಂಚಿಯವರ ಪರವಾಗಿ ಸ್ಪಷ್ಟಪಡಿಸುತ್ತೇನೆ.

ಇದು ನೆರಳಚ್ಚಿನ ದೋಷ ಎಂದು ಸಂಪಾದಕರಿಂದ ಮೂಲ ಫೈಲನ್ನೇ ತರಿಸಿ ಅದನ್ನು ಓದಿಸಿದೆ. ಅಂಕಣ ಸರಿಯಾಯಿತು, ದನ ಹೋಗಿ ಧನ ಬಂತು. ಆದರೆ ಹೊಸ ತಮಾಷೆಗಳು ಹೊರಬಿದ್ದವು. ಇವು ಯಾವುದೂ ಯಂತ್ರದ್ದಲ್ಲ, ನಮ್ಮವೇ.

ನಮ್ಮಲ್ಲಿ ಒಬ್ಬರು ಅನುಸ್ವಾರ ಬರೆಯುವ ಕಡೆಯಲ್ಲೆಲ್ಲ ಕನ್ನಡ ಅಂಕಿಯ ಸೊನ್ನೆ ಒತ್ತುತ್ತಾರೆ. ಕಾಗದದ ಮೇಲೆ ಎರಡೂ ಒಂದೇ ದುಂಡು. ಗಣಕಕ್ಕೆ ಎರಡೂ ಬೇರೆ ಬೇರೆ ಸಂಕೇತ. ಒಂದು ಅಕ್ಷರ, ಇನ್ನೊಂದು ಅಂಕಿ. "ಬ೦ದರು" ಎಂದಿದ್ದದ್ದು "ಬ ಸೊನ್ನೆ ದರು" ಆಯಿತು. ಇನ್ನೊಬ್ಬರು ವಿಸರ್ಗಕ್ಕೆ ಕೋಲನ್ ಹಾಕುತ್ತಾರೆ. ಅವರ "ದುಃಖ" ನಡುವೆ ಉಸಿರು ಕಟ್ಟಿ ನಿಂತಿತು. ಮೂರನೆಯವರು ಪದವನ್ನು ಸಾಲಿನ ಕೊನೆಯಲ್ಲಿ ಅಡ್ಡಗೀಟು ಹಾಕಿ ಕೈಯಾರೆ ಮುರಿಯುತ್ತಾರೆ. ಆಮೇಲೆ ಸಂಪಾದಕರು ಅಂಚು ಬದಲಿಸಿದಾಗ ಆ ಅಡ್ಡಗೀಟು ಸಾಲಿನ ಮಧ್ಯಕ್ಕೆ ಬಂದು ಕೂರುತ್ತದೆ, ಮದುವೆಗೆ ಬಂದ ನೆಂಟ ತಿಂಗಳಾದರೂ ಹೋಗದ ಹಾಗೆ. ಪ್ರತಿ ಪುಟದ ಅಡಿಯಲ್ಲಿರುವ ಸಂಘದ ವಿಳಾಸವಂತೂ ಕಥೆಯ ನಡುವೆ ಮೂರು ಸಲ ಬಂತು. ನಾಯಕಿ ಬಾಗಿಲು ತೆರೆದಾಗ ನಮ್ಮ ಅಂಚೆ ಪೆಟ್ಟಿಗೆಯ ಸಂಖ್ಯೆ ಎದುರಿಗೆ ನಿಂತಿತ್ತು.

ಇವು ಕೊಳೆ. ತೊಳೆದರೆ ಹೋಗುತ್ತವೆ, ತೊಳೆಯಲೂ ಬೇಕು, ಇದರಲ್ಲಿ ವಾದವಿಲ್ಲ. ಆದರೆ ಅಂಕಿಗಳ ವಿಷಯಕ್ಕೆ ಬಂದಾಗ ತೊಳೆಯುವುದು ಸಾಲದು, ಓದುವುದು ಬರಬೇಕು.

ಕಾರ್ಯಕಾರಿ ಸಮಿತಿಯ ವರದಿಯಲ್ಲಿ "2 ಕಾರ್ಯದರ್ಶಿಗಳು, 3 ಸದಸ್ಯರು" ಎಂದಿತ್ತು. ಯಂತ್ರ "ಎರಡು ಕಾರ್ಯದರ್ಶಿಗಳು, ಮೂರು ಸದಸ್ಯರು" ಎಂದಿತು. ಎರಡು ಕುರ್ಚಿ, ಮೂರು ಬೆಂಚು ಎಂದ ಹಾಗೆ! ಕನ್ನಡ ಬಲ್ಲ ಬಾಯಿ ಅಲ್ಲಿ "ಇಬ್ಬರು", "ಮೂವರು" ಎನ್ನುತ್ತದೆ. ಅಂಕಿ ಬರೆಯುವಾಗ ನಮ್ಮ ಮನಸ್ಸಿನಲ್ಲಿ ಇಬ್ಬರೇ ಇರುತ್ತಾರೆ, ಕಾಗದದ ಮೇಲೆ ಮಾತ್ರ 2 ಇರುತ್ತದೆ. "ಸಂಜೆ 5 ಕ್ಕೆ" ಎಂದು ನಡುವೆ ಜಾಗ ಬಿಟ್ಟು ಬರೆದದ್ದು "ಐದು", ಒಂದು ನಿಲುಗಡೆ, ಆಮೇಲೆ ಬಿಕ್ಕಳಿಕೆಯಂಥ "ಕ್ಕೆ". ನಾವು ಹೇಳುವುದು "ಐದಕ್ಕೆ". ಉಕಾರ ಹೋಗಿ ಅಕಾರ ಬರುತ್ತದೆ. ಅಂಕಿಗೆ ಅಂಟಿಸಿ ಬರೆದಾಗ ಒಳ್ಳೆಯ ಯಂತ್ರ ಅದನ್ನು ಸರಿಯಾಗಿಯೇ ಜೋಡಿಸಿತು, ಬಿಡಿಸಿ ಬರೆದಾಗ ಕೈಚೆಲ್ಲಿತು. ಟೀಚರಮ್ಮನ ವ್ಯಾಕರಣ ಪಾಠ ಹೀಗಿತ್ತು: "ವಿಭಕ್ತಿ ಪ್ರತ್ಯಯಕ್ಕೆ ಸ್ವಂತ ಮನೆ ಇಲ್ಲ ಮಾರಾಯ. ಅದು ಅಂಟಿಕೊಂಡೇ ಇರ್ಬೇಕು. ನೀವು ಅದನ್ನ ಬೀದಿಗೆ ಹಾಕಿದ್ದೀರಿ."

ಬಿಸಿಬೇಳೆ ಭಾತಿಗೆ ಬನ್ನಿ. "4-5 ಒಣಮೆಣಸು" ಎಂದರೆ ನಾಲ್ಕೈದು. ಅದೇ ಪುಟದ ಕೊನೆಯಲ್ಲಿ "ಭಾನುವಾರ ಸಂಜೆ 4-5 ಕನ್ನಡ ತರಗತಿ" ಎಂದರೆ ನಾಲ್ಕರಿಂದ ಐದರವರೆಗೆ. ಮೊದಲ ಪುಟದ 4/5 ಎಂದರೆ ಏಪ್ರಿಲ್ ಐದು. ಒಂದೇ ಎರಡಂಕಿ, ಮೂರು ಓದು. "1/2 ಚಮಚ ಇಂಗು" ಎಂಬುದನ್ನು ಒಂದು ಯಂತ್ರ "ಅರ್ಧ" ಎಂದಿತು, ಇನ್ನೊಂದು "ಒಂದು ಎರಡು ಚಮಚ" ಎಂದಿತು. ಒಂದೆರಡು ಚಮಚ ಇಂಗು ಹಾಕಿದ ಬಿಸಿಬೇಳೆ ಭಾತನ್ನು ನೆನೆಸಿಕೊಳ್ಳಿ. ಇಂಗಾದ್ದರಿಂದ ನಗುತ್ತಿದ್ದೇವೆ. ಟೀಚರಮ್ಮನ ಮೇಜಿನ ಮೇಲೆ ಮಗ ಕನ್ನಡದಲ್ಲಿ ಬರೆದಿಟ್ಟ ಮಾತ್ರೆಗಳ ಚೀಟಿಯೂ ಇತ್ತು. ಅದರಲ್ಲಿಯೂ "1/2" ಇತ್ತು. ಅದನ್ನು ನೋಡಿದ ದಿನ ನನಗೆ ನಗು ಬರಲಿಲ್ಲ. ಅಂದೇ ಅದನ್ನು "ಅರ್ಧ ಮಾತ್ರೆ" ಎಂದು ಅಕ್ಷರದಲ್ಲಿ ಬರೆದು ಅಂಟಿಸಿ ಬಂದೆ.

ಇದು ಕನ್ನಡಕ್ಕೆ ಮಾತ್ರ ಬಂದ ಪಾಡಲ್ಲ. ಇಂಗ್ಲಿಷಿನಲ್ಲಿ ಎಸ್ ಟಿ ಎಂದು ಬರೆದು ಚುಕ್ಕೆಯಿಟ್ಟರೆ ಸಂತನೂ ಆಗಬಹುದು, ಬೀದಿಯೂ ಆಗಬಹುದು. ಡಿ ಆರ್ ಎಂದರೆ ವೈದ್ಯ ಅಥವಾ ರಸ್ತೆ. ಎಂಐಟಿಯಲ್ಲಿ ಜೊನಾಥನ್ ಅಲೆನ್, ಶರನ್ ಹನ್ನಿಕಟ್, ಡೆನ್ನಿಸ್ ಕ್ಲಾಟ್ ಸೇರಿ ಇಂಗ್ಲಿಷ್ ಓದುವ ಎಂಐಟಾಕ್ ಎಂಬ ವ್ಯವಸ್ಥೆ ಕಟ್ಟಿ 1987ರಲ್ಲಿ ಅದರ ಬಗ್ಗೆ ಗ್ರಂಥ ಬರೆದರು. ಸ್ಟೀಫನ್ ಹಾಕಿಂಗ್ ಅವರ ಯಂತ್ರಧ್ವನಿಯ ಮೂಲವೂ ಕ್ಲಾಟ್ ಅವರ ಕೆಲಸವೇ. ಆ ವ್ಯವಸ್ಥೆಯಲ್ಲಿ ಧ್ವನಿಗಿಂತ ಎಷ್ಟೋ ಮುಂಚೆ ಬರುವ ಮೊದಲ ಹೆಜ್ಜೆ ಅಂಕಿ, ಸಂಕ್ಷೇಪ, ಚಿಹ್ನೆಗಳನ್ನು ಪದಗಳಾಗಿ ಬಿಡಿಸುವುದು. ಗೂಗಲ್ಲಿನ ರಿಚರ್ಡ್ ಸ್ಪ್ರೋಟ್ ಮತ್ತು ನವದೀಪ್ ಜೇಟ್ಲಿ 2016ರಲ್ಲಿ ಈ ಕೆಲಸವನ್ನು ಯಂತ್ರ ತಾನೇ ಕಲಿಯುವಂತೆ ಮಾಡಿ ನೋಡಿದರು. ಬಹುಪಾಲು ಸರಿಯಾಗಿಯೇ ಬಂತು. ಆದರೆ ಅಪರೂಪಕ್ಕೊಮ್ಮೆ ಅಳತೆಯ ಮಾನವನ್ನೇ ಬದಲಿಸಿ, ತೊದಲದೆ, ಧೈರ್ಯವಾಗಿ ಓದಿತು. ಹಳೆಯ ಕೀರಲು ಧ್ವನಿ ತಪ್ಪಿದರೆ ತಪ್ಪಿತು ಎಂದು ಗೊತ್ತಾಗುತ್ತಿತ್ತು. ಹೊಸ ಧ್ವನಿ ಎಷ್ಟು ಇಂಪಾಗಿದೆ ಎಂದರೆ ತಪ್ಪನ್ನೂ ನಂಬಿಕೆ ಬರುವ ಹಾಗೆ ಹೇಳುತ್ತದೆ. "ಮೇ ನಾಲ್ಕು" ಎಂದಾಗಲೂ ಅದರ ದನಿಯಲ್ಲಿ ಅನುಮಾನದ ಸುಳಿವಿರಲಿಲ್ಲ.

ಇಷ್ಟಾದ ಮೇಲೆ ನಾನು ಜಾಣನಾದೆ, ಅಂದರೆ ಹಾಗೆಂದುಕೊಂಡೆ. ಸಂಕ್ಷೇಪಗಳ ಪಟ್ಟಿ ಮಾಡಿ ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಪುಟ್ಟ ಪ್ರೋಗ್ರಾಂ ಬರೆದೆ. ನಮ್ಮವರಿಗೆ ಹೆಸರಿನ ಮುಂದೆ ಎರಡು ಕಂಬ ನಿಲ್ಲಿಸುವುದೆಂದರೆ ಪ್ರೀತಿ: ಡಾ||, ಚಿ||, ಸೌ||. ಯಂತ್ರ ಕೆಲವೊಮ್ಮೆ ಕಂಬವನ್ನೂ ಓದುತ್ತದೆ. ಹಾಗಾಗಿ ಡಾ|| ಇದ್ದಲ್ಲಿ ಡಾಕ್ಟರ್, ಚಿ|| ಇದ್ದಲ್ಲಿ ಚಿರಂಜೀವಿ. "ದಿ." ಇದ್ದಲ್ಲಿ ದಿನಾಂಕ. ಒಂದು ರಾತ್ರಿಯಲ್ಲಿ ಸಂಚಿಕೆಯೆಲ್ಲ ಲಕಲಕ ಹೊಳೆಯಿತು. ಮರುದಿನ ಟೀಚರಮ್ಮನ ಮನೆಗೆ ಹೋಗಿ ಹೆಮ್ಮೆಯಿಂದ ಹಚ್ಚಿದೆ. ಎಂಟನೆಯ ಪುಟದಲ್ಲಿ ಅವರ ಯಜಮಾನರ ನೆನಪಿನಲ್ಲಿ ಕೊಡುವ ಬಹುಮಾನದ ವಿವರ ಇತ್ತು. ಸಂಘ ಕಟ್ಟಿದ ಹಿರಿಯರಲ್ಲಿ ಒಬ್ಬರು ಅವರು. ಹೆಸರಿನ ಮುಂದೆ "ದಿ." ಇತ್ತು. ಯಂತ್ರ ಗಂಭೀರವಾಗಿ "ದಿನಾಂಕ" ಎಂದು ಹೇಳಿ ಅವರ ಹೆಸರು ಹೇಳಿತು.

ನಾನು ಫೋನು ಕಸಿದುಕೊಳ್ಳಲು ಹೋದೆ. ಟೀಚರಮ್ಮ ಕೈಯಿಂದ ತಡೆದರು. ಸ್ವಲ್ಪ ಹೊತ್ತಾದ ಮೇಲೆ, "ಇರಲಿ ಬಿಡು. ಅವರು ದಿನಾಂಕವಾಗಿ ಹೋಗಿ ಆರು ವರ್ಷ ಆಯ್ತು" ಎಂದರು.

ನಾನು ಆ ಪ್ರೋಗ್ರಾಮನ್ನು ಅಳಿಸಲಿಲ್ಲ. ಆದರೆ ಈಗ ಅದು ಬದಲಿಸುವುದಿಲ್ಲ. ಗುರುತು ಹಾಕುತ್ತದೆ, ಅಷ್ಟೆ. ಪ್ರತಿಯೊಂದು "ದಿ." ಬಂದಾಗಲೂ ನಿಂತು ನನ್ನನ್ನು ಕೇಳುತ್ತದೆ. ನಿಧಾನ. ಇನ್ನೊಂದು ದಾರಿಯನ್ನೂ ನೋಡಿದ್ದಾಯಿತು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಈಗಿನ ಕೃತಕ ಬುದ್ಧಿಯ ಕೈಗೆ ಒಂದು ಪುಟ ಕೊಟ್ಟು "ಗಟ್ಟಿಯಾಗಿ ಓದುವುದಕ್ಕೆ ಸರಿಮಾಡು" ಎಂದೆ. "ದಿ." ಎರಡನ್ನೂ ಅದು ಸರಿಯಾಗಿ ಬಿಡಿಸಿತು, ಮೆಚ್ಚಿದೆ. ಆದರೆ ಜೊತೆಗೆ, ನಾನು ಹೇಳದೆಯೇ, ಶ್ರದ್ಧಾಂಜಲಿಯ ಎರಡು ವಾಕ್ಯಗಳನ್ನು "ಸುಂದರ"ಗೊಳಿಸಿ, ಒಂದು ವಾಕ್ಯವನ್ನು ಸದ್ದಿಲ್ಲದೆ ಬಿಟ್ಟಿತ್ತು. ಬಿಟ್ಟ ವಾಕ್ಯ, ತೀರಿಹೋದವರು ಮಕ್ಕಳಿಗೆ ಇಸ್ಪೀಟು ಕಲಿಸುತ್ತಿದ್ದರು ಎಂಬುದು. ಅದೊಂದೇ ವಾಕ್ಯದಲ್ಲಿ ಅವರು ಇದ್ದರು. ಮೂಲವನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಹಾಗಾದರೆ ಎಷ್ಟು ತೊಳೆಯಬೇಕು? ನಮ್ಮ ಪತ್ರಿಕೆಯ ಹಾಸ್ಯ ಅಂಕಣ ಬರೆಯುವವರು ಧಾರವಾಡದವರು. "ಏನ್ರೀ, ಊಟಾ ಆತೇನ್ರೀ?" ಎಂಬುದನ್ನು ಯಂತ್ರ ಕಷ್ಟಪಟ್ಟು ಓದೀತೆಂದು ನಾನು "ಏನು, ಊಟವಾಯಿತೇ?" ಎಂದು ಬದಲಿಸಿದ್ದೆ. ಟೀಚರಮ್ಮನಿಗೆ ಕೋಪ ಬಂತು. "ಅವರ ಮಾತನ್ನ ಯಾಕೆ ಇಸ್ತ್ರಿ ಮಾಡಿದೆ?" ಮೂಲವನ್ನೇ ಹಚ್ಚಿ ನೋಡಿದರೆ ಯಂತ್ರ ಅದನ್ನು ಬರೆದ ಹಾಗೆಯೇ ಸಲೀಸಾಗಿ ಓದಿತು. ಓದದೆ ಏನು? ಕನ್ನಡ ಲಿಪಿಯ ಗುಣವೇ ಅದು, ಬರೆದಂತೆ ಓದುವುದು. ಧಾಟಿ ಧಾರವಾಡದ್ದಾಗಿರಲಿಲ್ಲ, ಬೆಂಗಳೂರಿನ ಬ್ಯಾಂಕಿನವರು ಹುಬ್ಬಳ್ಳಿಗೆ ವರ್ಗವಾಗಿ ಹೋದಂತಿತ್ತು, ಆದರೆ ಪದ ಒಂದೂ ತಪ್ಪಲಿಲ್ಲ. ತದ್ವಿರುದ್ಧವಾಗಿ "ಚಿಹ್ನೆ" ಎಂಬ ಪದವನ್ನು ಬಾಯಿ "ಚಿನ್ಹೆ" ಎನ್ನುತ್ತದೆ. "ಫಲ"ದ ಫ ಬೇರೆ, "ಫೋನಿ"ನ ಫ ಬೇರೆ. ಯಂತ್ರ ತಪ್ಪಿದಾಗ ಅದಕ್ಕಾಗಿ ನಾವು ಪತ್ರಿಕೆಯಲ್ಲಿ "ಚಿನ್ಹೆ" ಎಂದು ಬರೆಯತೊಡಗಬೇಕೆ? ಕೂಡದು. ಅದು ಯಂತ್ರ ಕಲಿಯಬೇಕಾದ ಪಾಠ, ನಾವು ಮರೆಯಬೇಕಾದ ಕಾಗುಣಿತವಲ್ಲ. ಸೊನ್ನೆಯನ್ನು ಅನುಸ್ವಾರ ಮಾಡುವುದು ಪುಟದ ಮೇಲಿನ ಸುಳ್ಳನ್ನು ತೆಗೆಯುವುದು. 2 ಎಂಬುದನ್ನು ಇಬ್ಬರು ಮಾಡುವುದು, ಬರೆದವರ ಮನಸ್ಸಿನಲ್ಲಿದ್ದ ಮಾತನ್ನು ಪುಟಕ್ಕೆ ತರುವುದು. "ಆತೇನ್ರೀ"ಯನ್ನು "ಆಯಿತೇ" ಮಾಡುವುದು ಮಾತ್ರ ಬೇರೆಯವರ ಬಾಯಿಗೆ ನಮ್ಮ ನಾಲಿಗೆ ಇಡುವುದು.

ಓದಲು ಪಠ್ಯ ಸಿದ್ಧಪಡಿಸುವುದು ನಮಗೇನೂ ಹೊಸ ವಿದ್ಯೆಯಲ್ಲ ಎಂದು ನನಗೆ ನೆನಪಿಸಿದವರೂ ಟೀಚರಮ್ಮನೇ. ಅವರು ಗಮಕ ಕೇಳಿ ಬೆಳೆದವರು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ, ಮತ್ತೂರು ಗಮಕಕ್ಕೆ ಹೆಸರಾದ ಊರುಗಳು, ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಓದುಗರಿಗೆ ನೆನಪಿರಬಹುದು. ಭಾಮಿನಿ ಷಟ್ಪದಿಯಲ್ಲಿ ಸಾಲು ಮುಗಿದಲ್ಲಿ ಪದ ಮುಗಿಯಬೇಕೆಂಬ ನಿಯಮವಿಲ್ಲ. ಪದ ಅರ್ಧ ಈ ಸಾಲಿನಲ್ಲಿ, ಅರ್ಧ ಮುಂದಿನ ಸಾಲಿನಲ್ಲಿ ಇರುತ್ತದೆ. ಓಲೆಗರಿಯಲ್ಲಂತೂ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ಗಮಕಿ ಮನೆಯಲ್ಲೇ ಕೂತು, ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು, ಎಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡಿಕೊಂಡು ಸಭೆಗೆ ಬರುತ್ತಿದ್ದರು. ಅರ್ಥ ತಿಳಿಯದೆ ಪದ ಬಿಡಿಸಲಾಗದು. ಯುಗಾದಿ ಸಂಚಿಕೆಯ ಕವಿತೆಯನ್ನು ಯಂತ್ರ ಓದಿದಾಗ ಇದು ನೆನಪಾಯಿತು. ಸಾಲಿನ ಕೊನೆಗೆಲ್ಲ ನಿಂತಿತು, ಅರ್ಥದ ಕೊನೆಗೆ ನಿಲ್ಲಲಿಲ್ಲ. ನಮ್ಮ ಕವಿಗಳು ವಿರಾಮ ಚಿಹ್ನೆಯನ್ನು ಅವಮಾನವೆಂದು ಭಾವಿಸಿರುವುದರಿಂದ ಅದಕ್ಕೆ ಹಿಡಿದು ನಿಲ್ಲಲು ಒಂದು ಅಲ್ಪವಿರಾಮವೂ ಸಿಗಲಿಲ್ಲ.

ಇನ್ನು ಗದ್ಯದಲ್ಲಿ ಯಾರ ಬರಹ ಗೆದ್ದಿತು? ಹೇಳಲೇಬೇಕು. ತೊಳೆಯುವ ಕೆಲಸ ಎಲ್ಲಕ್ಕಿಂತ ಕಡಿಮೆ ಬೇಕಾದದ್ದು, ಹೈಸ್ಕೂಲಿನ ಹುಡುಗಿಯೊಬ್ಬಳು ಅಜ್ಜಿಯ ಊರಿಗೆ ಹೋಗಿಬಂದ ಬಗ್ಗೆ ಬರೆದ ಒಂದು ಪುಟಕ್ಕೆ. ಚಿಕ್ಕ ವಾಕ್ಯಗಳು, ಅಂಕಿಗಳೆಲ್ಲ ಅಕ್ಷರದಲ್ಲಿ, ಸಂಕ್ಷೇಪ ಒಂದೂ ಇಲ್ಲ. ಅವಳಿಗೆ ಕನ್ನಡ ಬರೆಯಲು ಕಷ್ಟವಾದ್ದರಿಂದ ಒಂದೊಂದು ವಾಕ್ಯವನ್ನೂ ಬಾಯಲ್ಲಿ ಹೇಳಿಕೊಂಡು ಬರೆದಳಂತೆ. ಎಲ್ಲಕ್ಕಿಂತ ಹೆಚ್ಚು ತೊಳೆಯಬೇಕಾದದ್ದು ನನ್ನ ಲೇಖನಕ್ಕೆ. ಅದರಲ್ಲಿ ಹನ್ನೊಂದು ಸಾಲಿನ ಒಂದು ವಾಕ್ಯ ಇತ್ತು. ಆವರಣದೊಳಗೆ ಆವರಣ ಇತ್ತು. ಬರೆದಾಗ ನನಗೆ ಅದು ಬಹಳ ಇಷ್ಟವಾಗಿತ್ತು. ಯಂತ್ರಕ್ಕೆ ಉಸಿರು ಕಟ್ಟುವುದಿಲ್ಲ, ಅದು ಓದಿತು. ಕೇಳುತ್ತಿದ್ದ ನನಗೆ ಉಸಿರು ಕಟ್ಟಿತು. ಟೀಚರಮ್ಮ ಆರನೆಯ ಸಾಲಿಗೆ ನಿದ್ದೆ ಹೋಗಿದ್ದರು.

ಹೊಸ ಸಂಚಿಕೆಗಳ ಕಥೆ ಇದು. ಹಳೆಯವುಗಳದು ಬೇರೆ. ಟೀಚರಮ್ಮ ಒಂದು ದಿನ, "ನಾನೂ ಒಂದ್ಸಲ ಬರ್ದಿದ್ದೆ, ಹುಡುಕಿ ಕೇಳಿಸ್ತೀಯಾ?" ಎಂದರು. ಸಂಪಾದಕರ ಹಳೆಯ ಡಿಸ್ಕುಗಳಲ್ಲಿ ಹತ್ತಾರು ಸಂಚಿಕೆಗಳು ಸಿಕ್ಕವು. ಹಚ್ಚಿದರೆ ಯಂತ್ರ ಇಂಗ್ಲಿಷಿನಲ್ಲಿ ಏನೇನೋ ಒದರಿತು. ಕಾರಣ ಸರಳ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ನಮ್ಮ ಮನೆಗಳ ವಿಂಡೋಸ್ ಗಣಕಗಳಿಗೆ ಅದು ಬಂದದ್ದು 2001ರ ಎಕ್ಸ್‌ಪಿಯಿಂದ. ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು 1998ರಲ್ಲಿ ಬಂದ ಬರಹ, ಅದರ ನಂತರ ನುಡಿ. ಅವು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದವು. ಅಂದಿನ ಸ್ಥಿತಿಯಲ್ಲಿ ಅದೇ ಜಾಣತನ. ಅವು ಇಲ್ಲದಿದ್ದರೆ ಈ ಪತ್ರಿಕೆ ಕೈಬರಹದಲ್ಲೇ ಉಳಿಯುತ್ತಿತ್ತು. ಆದರೆ ಫಾಂಟಿನ ಮುಸುಕು ತೆಗೆದರೆ "ಕನ್ನಡ" ಎಂಬ ಪದ ಪಿ ಅಕ್ಷರದಿಂದ ಶುರುವಾಗಿ, ತಲೆಯ ಮೇಲೆ ಗೀಟಿರುವ ಎ ದಾಟಿ, ಬ್ರಿಟನ್ನಿನ ಪೌಂಡ್ ಚಿಹ್ನೆಗೆ ಬರುತ್ತದೆ. "ನ" ಇರುವಲ್ಲೆಲ್ಲ ಪೌಂಡ್. ಅಮೆರಿಕಕ್ಕೆ ಬಂದ ಮೇಲೆ ಡಾಲರಾದರೂ ಆಗಬಾರದಿತ್ತೆ ಎಂದು ಸಂಪಾದಕರು ಕೇಳಿದರು.

ಪರಿವರ್ತಿಸುವ ತಂತ್ರಾಂಶಗಳು ಇವೆ, ಒಳ್ಳೆಯವೂ ಇವೆ. ಕಷ್ಟ ಇರುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಇಡುತ್ತಿದ್ದರು. ಯುನಿಕೋಡಿನಲ್ಲಿ ಬಾಯಿ ಹೇಳುವ ಕ್ರಮದಲ್ಲಿ ರಕಾರ ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಲು ಮರೆತರೆ "ಧರ್ಮ" ಹೋಗಿ "ಧಮರ್" ಆಗುತ್ತದೆ, "ಕರ್ನಾಟಕ" ಹೋಗಿ "ಕನಾರ್ಟಕ" ಆಗುತ್ತದೆ. ಈ ಕನಾರ್ಟಕವನ್ನು ನೀವೂ ಅಲ್ಲಲ್ಲಿ ನೋಡಿರುತ್ತೀರಿ. ಕಣ್ಣು ಕ್ಷಮಿಸುತ್ತದೆ, ಕಿವಿ ಕ್ಷಮಿಸುವುದಿಲ್ಲ.

ಟೀಚರಮ್ಮನ ಲೇಖನ ಆ ಡಿಸ್ಕುಗಳಲ್ಲಿ ಇರಲಿಲ್ಲ. ಅದು 1997ರ ದೀಪಾವಳಿ ಸಂಚಿಕೆ, ಟೈಪ್ ಮಾಡಿ ನೆರಳಚ್ಚು ತೆಗೆದದ್ದು, ಉಳಿದಿರುವುದು ಒಂದೇ ಪ್ರತಿ, ಅದೂ ಪ್ರತಿಯ ಪ್ರತಿ. ಒಂದೂವರೆ ಪುಟ. ಊರಿನ ಮನೆಯ ಬಗ್ಗೆ. ಯಂತ್ರಕ್ಕೆ ತೋರಿಸಿದೆ, ಬಂದದ್ದನ್ನು ತಿದ್ದಲು ಕೂತೆ. "ಹೂವು" ಎಲ್ಲ "ಹೂಮ" ಆಗಿತ್ತು, ಅದು ಗೊತ್ತಾಗುತ್ತದೆ. ಮಹಾಪ್ರಾಣಗಳೆಲ್ಲ ಉದುರಿದ್ದವು, ಅವನ್ನೂ ಒಂದೊಂದಾಗಿ ಹುಡುಕಿ ಹಾಕಿದೆ. ಒಂದು ಕಡೆ ಸಿಕ್ಕಿಕೊಂಡೆ. "ಅಪ್ಪನ ದನವೆಲ್ಲ ಕೊಟ್ಟಿಗೆಯಲ್ಲಿತ್ತು" ಎಂದಿತ್ತು. ಸರಿಯಾಗಿಯೇ ಇದೆ, ದನ ಕೊಟ್ಟಿಗೆಯಲ್ಲದೆ ಇನ್ನೆಲ್ಲಿ ಇರುತ್ತದೆ? ಕಾಗದವನ್ನು ದೀಪಕ್ಕೆ ಹಿಡಿದು ನೋಡಿದೆ. ದಕಾರದ ಕೆಳಗೆ ಸೀಳು ಇತ್ತೇನೋ, ಇರಲಿಲ್ಲವೇನೋ, ಶಾಯಿಯ ಮಸಿಯಲ್ಲಿ ತಿಳಿಯಲಿಲ್ಲ.

ಕೊನೆಗೆ ಅವರನ್ನೇ ಕೇಳಿದೆ. ಟೀಚರಮ್ಮ ತಲೆ ಸ್ವಲ್ಪ ಓರೆ ಮಾಡಿ, ಈಗ ನೋಡುವುದಕ್ಕೆ ಮಾಡುವ ಹಾಗೆ, ಗೋಡೆಯ ಕಡೆ ಮುಖ ಮಾಡಿದರು.

"ಮಹಾಪ್ರಾಣ. ಧನ ಅಂತಲೇ ಬರ್ದಿದ್ದೆ. ಅಪ್ಪನ ಹತ್ರ ದುಡ್ಡು ಇರ್ಲಿಲ್ಲ, ಇದ್ದದ್ದು ನಾಲ್ಕು ಆಕಳು. ಅವರಿಗೆ ಅದೇ ಧನ. ಟೈಪ್ ಮಾಡ್ದವರು ಆವತ್ತೇ ತಪ್ಪು ಮಾಡಿದ್ರೋ, ನಿಮ್ಮ ಮೆಷೀನು ಈಗ ಮಾಡ್ತೋ ಗೊತ್ತಿಲ್ಲ." ಸ್ವಲ್ಪ ತಡೆದು ಹೇಳಿದರು: "ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ನೋಡು."

ಧ ಎಂದು ತಿದ್ದಿ ಮೊದಲಿಂದ ಮತ್ತೆ ಹಚ್ಚಿದೆ.